ನೋಡಬಲ್ಲವನು ನೋಡದಿರುವುದು

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನನ್ನ ಫೋನಿಗೆ ಬ್ಯಾಂಕಿನಿಂದ ಮೆಸೇಜು ಬಂತು. ವಿಪಿಎನ್ ಸೇವೆಯ ವರ್ಷದ ಚಂದಾ ತಾನಾಗಿಯೇ ನವೀಕರಣಗೊಂಡು, ಮೂರು ಸಾವಿರ ಚಿಲ್ಲರೆ ರೂಪಾಯಿ ಖಾತೆಯಿಂದ ಹೋಗಿತ್ತು. ಫೋನು ಆಗ ಮಗಳ ಕೈಯಲ್ಲಿತ್ತು. ಹನ್ನೊಂದನೇ ತರಗತಿಯ ಹುಡುಗಿ. ವಿಪಿಎನ್ ಏನು ಮಾಡುತ್ತದೆ ಎಂದು ಅವಳಿಗೆ ನಾನು ಹೇಳಿಕೊಡಬೇಕಾಗಿಲ್ಲ.

“ಅಪ್ಪಾ, ನಿಮ್ಮ ಐಪಿ ಮುಚ್ಚಿಟ್ಟು ಯಾಕ ನೆಟ್ ನೋಡ್ತೀರಿ? ಏನರ ತಪ್ಪು ಮಾಡ್ತೀರೇನು?” ಎಂದಳು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ಅಲ್ಲಿಂದಲೇ, “ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಿದ್ನಂತ” ಎಂದು ಸೇರಿಸಿದಳು. ಐಪಿ ಎಂದರೇನೆಂದು ಅವ್ವನಿಗೆ ಗೊತ್ತಿಲ್ಲ. ಮುಚ್ಚಿಡುವುದು ಎಂದರೇನೆಂದು ಚೆನ್ನಾಗಿ ಗೊತ್ತು.

ನಾನು ನಕ್ಕು ಸುಮ್ಮನಾದೆ. ಎಂಟೆಕ್‌ನಲ್ಲಿ ನೆಟ್‌ವರ್ಕ್ ಓದಿ, ಪುಣೆಯಲ್ಲಿ ಇಪ್ಪತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವನು ನಾನು. ಐಪಿ ಮುಚ್ಚುವುದು ಹೇಗೆ ಎಂದು ಕೇಳಿದ್ದರೆ ಸ್ಲೈಡು ಹಾಕಿ ಒಂದು ಗಂಟೆ ಮಾತಾಡುತ್ತಿದ್ದೆ. ಅವಳು ಕೇಳಿದ್ದು ಯಾಕೆ ಎಂದು. ಅದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಡಬೇಕಾದರೆ, ನಾನು ಯಾರಿಗೂ ಹೇಳದ ಒಂದು ಹಳೆಯ ಸಂಗತಿಯನ್ನೂ ಹೇಳಬೇಕಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಐಪಿ ವಿಳಾಸವನ್ನು ಕಾಗದದ ಮೇಲೆ ಬರೆಯುವ ‘ಇಂದ’ ವಿಳಾಸ ಎಂದುಕೊಳ್ಳಬಹುದು. ನಾವು ಒಂದು ಪುಟ ಬೇಕೆಂದು ಕೇಳಿದಾಗ ಆ ಪುಟವನ್ನು ಎಲ್ಲಿಗೆ ಕಳಿಸಬೇಕು ಎಂದು ಆ ಕಡೆಯ ಯಂತ್ರಕ್ಕೆ ಗೊತ್ತಾಗಬೇಕಲ್ಲ, ಅದಕ್ಕಾಗಿ ಈ ಸಂಖ್ಯೆ. ಹಾಗಾಗಿ ಅದನ್ನು ಅಳಿಸಿಹಾಕಲು ಬರುವುದಿಲ್ಲ. ಅಳಿಸಿದರೆ ಉತ್ತರವೇ ಬಾರದು. ಮಾಡಬಹುದಾದದ್ದು ಒಂದೇ, ಬೇರೊಬ್ಬರ ವಿಳಾಸ ಕೊಡುವುದು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಹೊಸದಲ್ಲ. 2004ರಲ್ಲಿ ನಾನು ಪುಣೆಗೆ ಬಂದಾಗ ಒಬ್ಬರ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದೆ. ನನ್ನ ಎಲ್ಲ ಟಪಾಲೂ ಮನೆ ಮಾಲೀಕರ ‘ಕೇರ್ ಆಫ್’ ಬರುತ್ತಿತ್ತು. ಬ್ಯಾಂಕಿಗಾಗಲಿ ಕಂಪನಿಗಾಗಲಿ ನಾನು ಯಾವ ಕೋಣೆಯಲ್ಲಿದ್ದೇನೆಂದು ಗೊತ್ತಿರಲಿಲ್ಲ. ಆದರೆ ಆ ಮಾಲೀಕ ಕಾಕಾಗೆ ನನ್ನ ಬ್ಯಾಂಕಿನಲ್ಲಿ ಎಷ್ಟಿದೆ, ಊರಿಂದ ಯಾವ ಹುಡುಗಿಯ ಜಾತಕ ಬಂದಿದೆ, ಎಲ್ಲ ಗೊತ್ತಿರುತ್ತಿತ್ತು. ಲಕೋಟೆ ಕೈಗಿಡುವಾಗ ಅಂಟು ಬಿಟ್ಟಿರುತ್ತಿತ್ತು. “ಮಳೆಗಾಲ, ತೇವಕ್ಕೆ ಬಿಟ್ಟುಕೊಂಡಿದೆ” ಎನ್ನುತ್ತಿದ್ದರು, ಏಪ್ರಿಲ್ ತಿಂಗಳಲ್ಲಿ.

ವಿಪಿಎನ್ ಕೂಡ ಹೀಗೊಂದು ಕೇರ್ ಆಫ್ ವಿಳಾಸ. ನನ್ನ ಬ್ರಾಡ್‌ಬ್ಯಾಂಡ್ ಕಂಪನಿಗೆ ನಾನು ವಿಪಿಎನ್‌ನವನ ಜೊತೆ ಮಾತಾಡುತ್ತಿದ್ದೇನೆ ಎಂದಷ್ಟೇ ಕಾಣುತ್ತದೆ. ನಾನು ಹೋದ ತಾಣಕ್ಕೆ ವಿಪಿಎನ್‌ನವನ ವಿಳಾಸ ಕಾಣುತ್ತದೆ. ಆದರೆ ನಾನು ಎಲ್ಲಿಂದ ಬಂದು ಎಲ್ಲಿಗೆ ಹೋದೆ ಎಂದು ಎರಡೂ ತುದಿಯನ್ನು ಕಾಣಬಲ್ಲವನು ಒಬ್ಬ ಉಳಿಯುತ್ತಾನೆ. ಅವನೇ ವಿಪಿಎನ್ ನಡೆಸುವವನು. ‘ನಾವು ಲಾಗ್ ಇಡುವುದಿಲ್ಲ’ ಎಂದು ಅವನು ಬರೆದುಕೊಂಡಿರುತ್ತಾನೆ. ಅದು ಮಾಲೀಕ ಕಾಕಾನ ಮಳೆಗಾಲವೋ ನಿಜವೋ ಎಂದು ನನಗೆ ಇಲ್ಲಿ ಕೂತು ತಿಳಿಯುವುದಿಲ್ಲ. ಮೂರು ಸಾವಿರ ರೂಪಾಯಿಗೆ ನಾನು ಕೊಂಡದ್ದು ಅದೃಶ್ಯತೆಯನ್ನಲ್ಲ, ನನ್ನನ್ನು ನೋಡಬಲ್ಲ ಇನ್ನೊಬ್ಬನನ್ನು. ಇದನ್ನು ತಿಳಿದೇ ಕೊಂಡಿದ್ದೇನೆ.

ಯಾಕೆ? ದೊಡ್ಡ ಕಾರಣವೇನಿಲ್ಲ. ಒಂದು ವರ್ಷ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದರು. ನನಗೆ ನಿದ್ದೆ ಬರುತ್ತಿರಲಿಲ್ಲ. ರಾತ್ರಿ ಎರಡಕ್ಕೆ ಎದ್ದು ಕೂತು, ನಿದ್ದೆ ಬಾರದಿರುವುದು, ಎದೆ ಹೊಡೆದುಕೊಳ್ಳುವುದು, ಖಿನ್ನತೆಗೆ ಗುಳಿಗೆ ತೆಗೆದುಕೊಳ್ಳುವುದು, ಇಂಥವನ್ನೆಲ್ಲ ಹುಡುಕಿ ಓದುತ್ತಿದ್ದೆ. ಹೆಂಡತಿಗೂ ಹೇಳಿರಲಿಲ್ಲ. ಕೆಲವೇ ದಿನಗಳಲ್ಲಿ ಮನೆಯ ಬೇರೆ ಫೋನುಗಳಲ್ಲಿಯೂ ಕೌನ್ಸೆಲಿಂಗ್ ಜಾಹೀರಾತು ಬರತೊಡಗಿತು. “ಇದೇನ್ರೀ, ನನಗ್ಯಾಕ ಇದನ್ನ ತೋರಸಾಕತ್ತೈತಿ?” ಎಂದು ಹೆಂಡತಿ ನಕ್ಕಳು. ಒಂದೇ ವೈಫೈ ಬಳಸುವ ಮನೆಮಂದಿಗೆಲ್ಲ ಹೊರಗಿನಿಂದ ಒಂದೇ ಐಪಿ ಕಾಣುತ್ತದೆ. ಅದನ್ನು ಹಿಡಿದು ಇಡೀ ಮನೆಗೆ ಜಾಹೀರಾತು ಹೊಂದಿಸುವುದು ಆ ವ್ಯವಹಾರದಲ್ಲಿ ಇದ್ದದ್ದೇ. ನನ್ನ ವಿಷಯದಲ್ಲಿ ಆದದ್ದು ಅದೇ ಎಂದು ಸಾಬೀತು ಮಾಡಲು ಬರುವುದಿಲ್ಲ. ಆದರೆ ನಾನೇ ಬಾಯಿಬಿಟ್ಟು ಹೇಳಬೇಕಾಗಿದ್ದ ಮಾತನ್ನು ನನಗಿಂತ ಮೊದಲು ಬೇರೆ ಯಾರೋ ನನ್ನ ಮನೆಯಲ್ಲಿ ಹೇಳಿಬಿಟ್ಟಂತಾಯಿತು. ಆ ವಾರವೇ ವಿಪಿಎನ್ ತೆಗೆದುಕೊಂಡೆ.

ನಾನು ತಪ್ಪೇನೂ ಮಾಡಿರಲಿಲ್ಲ. ಆದರೂ ಮರೆ ಬೇಕಾಗಿತ್ತು. ಕುಂಬಳಕಾಯಿಯ ಗಾದೆ ಇಲ್ಲಿ ಕೈಕೊಡುತ್ತದೆ. ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ, ನಿಜ. ಹಾಗೆಂದು ಹೆಗಲ ಮೇಲೆ ಟವೆಲ್ ಹಾಕಿಕೊಂಡವರೆಲ್ಲ ಕಳ್ಳರಲ್ಲ. ನಮ್ಮ ದೇಶದಲ್ಲೇ, ಏನೂ ತಪ್ಪು ಮಾಡದವನಿಗೂ ಮರೆ ಬೇಕು ಎಂದು ಒಪ್ಪಿಕೊಂಡ ಕಡೆಗಳಿವೆ. ಮತಗಟ್ಟೆಯ ಆ ರಟ್ಟಿನ ತಡಿಕೆ ಯಾತಕ್ಕೆ? ಯಾರಿಗೂ ಮತ ಹಾಕಲು ಇಷ್ಟವಿಲ್ಲದವರು ಹಿಂದೆಲ್ಲ ಅದನ್ನು ಅಧಿಕಾರಿಗೆ ಹೇಳಿ ಪುಸ್ತಕದಲ್ಲಿ ಸಹಿ ಮಾಡಬೇಕಿತ್ತು. ಇದರಿಂದ ಮತದ ಗುಟ್ಟು ಹೊರಬೀಳುತ್ತದೆ ಎಂದು ಹೇಳಿದ ಸುಪ್ರೀಂ ಕೋರ್ಟ್, 2013ರ ಸೆಪ್ಟೆಂಬರಿನಲ್ಲಿ ನೋಟಾ ಗುಂಡಿ ಇಡಲು ಆದೇಶ ಕೊಟ್ಟಿತು. 2017ರ ಆಗಸ್ಟ್ 24ರಂದು ಅದೇ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಪ್ರಕರಣಕ್ಕೆ ಹೆಸರು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರಿಂದ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಆ ವಯಸ್ಸಿನ ನಿವೃತ್ತ ನ್ಯಾಯಾಧೀಶರಿಗೆ ಮುಚ್ಚಿಡುವಂಥದ್ದು ಏನಿತ್ತು ಎಂದು ಯಾರೂ ಕೇಳಲಿಲ್ಲ.

ಇನ್ನೊಂದು ಕಾರಣ ನನ್ನ ತಲೆಮಾರಿನ ಪುಣೆ ಕನ್ನಡಿಗರಿಗೆ ನೆನಪಿರಬಹುದು. 2007ರ ಆಗಸ್ಟ್ ಕೊನೆಯಲ್ಲಿ ಪುಣೆ ಪೊಲೀಸರು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನನ್ನು ಹಿಡಿದು ತಂದರು. ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರ ಹಾಕಿದ ಆರೋಪ. ಪೊಲೀಸರ ಬಳಿ ಇದ್ದದ್ದು ಒಂದು ಐಪಿ ವಿಳಾಸ. ಅದು ಯಾರದ್ದೆಂದು ಇಂಟರ್ನೆಟ್ ಕಂಪನಿ ಕೊಟ್ಟ ವಿವರ. ಆ ವಿವರವೇ ತಪ್ಪಾಗಿತ್ತು. ಅದು ಗೊತ್ತಾಗಿ ಅವನು ಬಿಡುಗಡೆಯಾಗುವ ಹೊತ್ತಿಗೆ ಸುಮಾರು ಐವತ್ತು ದಿನ ಜೈಲಿನಲ್ಲಿ ಕಳೆದಿದ್ದ. ಆ ದಿನಗಳಲ್ಲಿ ನಮ್ಮ ಕ್ಯಾಂಟೀನಿನಲ್ಲಿ ಕನ್ನಡದ ಹುಡುಗರೆಲ್ಲ ಒಂದೇ ಟೇಬಲ್ಲಿಗೆ ಕೂತು ಸಣ್ಣ ದನಿಯಲ್ಲಿ ಮಾತಾಡಿದ್ದು ನೆನಪಿದೆ. ನಾವೆಲ್ಲ ನೆಟ್‌ವರ್ಕ್ ಓದಿದವರು. ಒಂದು ಸಂಖ್ಯೆ ಮನುಷ್ಯನಾಗುವುದು ಎಷ್ಟು ಸುಲಭ, ಎಷ್ಟು ಅಪಾಯ ಎಂದು ನಮಗೆ ಪಠ್ಯದಲ್ಲಿ ಯಾರೂ ಹೇಳಿರಲಿಲ್ಲ.

ಈಗಂತೂ ಆ ಸಂಖ್ಯೆ ಇನ್ನೂ ಮಸುಕು. ಹಳೆಯ ಪದ್ಧತಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ. ಜನರೇ ಅದಕ್ಕಿಂತ ಹೆಚ್ಚಿದ್ದಾರೆ. ಫೋನುಗಳ ಲೆಕ್ಕ ಬೇರೆ. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ಹೊರ ವಿಳಾಸವನ್ನು ಒಂದೇ ಹೊತ್ತಿಗೆ ಅನೇಕ ಗಿರಾಕಿಗಳಿಗೆ ಹಂಚುತ್ತವೆ. ಒಂದು ವಠಾರಕ್ಕೆಲ್ಲ ಒಂದೇ ಬಾಗಿಲ ಸಂಖ್ಯೆ ಇದ್ದಂತೆ. ಗಳಿಗೆ ತಪ್ಪಿದರೆ, ಒಂದು ಅಂಕಿ ತಪ್ಪಿದರೆ ಪೊಲೀಸರು ಪಕ್ಕದ ಮನೆಯ ಕದ ತಟ್ಟುತ್ತಾರೆ.

ಹಾಗಾದರೆ ಎಲ್ಲರೂ ಎಲ್ಲವನ್ನೂ ಮುಚ್ಚಿಡಬಹುದೇ? ಮುಚ್ಚಿಕೊಂಡವನು ಏನು ಮಾಡಿಯಾನು ಎಂಬ ಭಯ ಹಳೆಯದು. ಪ್ಲೇಟೋನ ‘ರಿಪಬ್ಲಿಕ್’ನಲ್ಲಿ ಗೈಜಸ್ ಎಂಬವನ ಉಂಗುರದ ಕಥೆ ಬರುತ್ತದೆ. ಕುರಿ ಕಾಯುವವನಿಗೆ ಒಂದು ಉಂಗುರ ಸಿಗುತ್ತದೆ. ಅದರ ಹರಳನ್ನು ಒಳಗೆ ತಿರುಗಿಸಿದರೆ ಅವನು ಯಾರಿಗೂ ಕಾಣುವುದಿಲ್ಲ. ಅವನು ಅರಮನೆ ಹೊಕ್ಕು, ರಾಣಿಯನ್ನು ಒಲಿಸಿಕೊಂಡು, ರಾಜನನ್ನು ಕೊಂದು ತಾನೇ ರಾಜನಾಗುತ್ತಾನೆ. ಯಾರೂ ನೋಡುವುದಿಲ್ಲವೆಂದಾದರೆ ಒಳ್ಳೆಯವನೂ ಹೀಗೇ ಮಾಡುವುದಿಲ್ಲವೇ ಎಂಬುದು ಅಲ್ಲಿ ಗ್ಲಾಕನ್ ಕೇಳುವ ಪ್ರಶ್ನೆ. ಹೆಸರಿಲ್ಲದ ಖಾತೆಯಿಂದ ಹೆಣ್ಣುಮಕ್ಕಳಿಗೆ ಹೊಲಸು ಬರೆಯುವವರನ್ನು ಕಂಡ ಯಾರೂ ಈ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕಲಾರರು. ನನ್ನ ತಂಡದ ಒಬ್ಬ ಹುಡುಗಿ ಅಂಥ ಮೆಸೇಜುಗಳಿಂದ ತಿಂಗಳುಗಟ್ಟಲೆ ಒದ್ದಾಡಿದ್ದನ್ನು ನಾನು ನೋಡಿದ್ದೇನೆ. ಅವಳೆದುರು ಕೂತು ಅನಾಮಿಕತೆಯ ಹಕ್ಕಿನ ಬಗ್ಗೆ ಭಾಷಣ ಮಾಡುವ ಧೈರ್ಯ ನನಗಿಲ್ಲ.

ಆದರೆ ನಿಜಜೀವನದಲ್ಲಿ ಗೈಜಸ್‌ನ ಉಂಗುರ ಇಲ್ಲ. 2013ರ ಡಿಸೆಂಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ, ಪರೀಕ್ಷೆ ತಪ್ಪಿಸಿಕೊಳ್ಳಲು ಬಾಂಬ್ ಇದೆಯೆಂದು ಸುಳ್ಳು ಇಮೇಲ್ ಕಳಿಸಿದ. ವಿಳಾಸ ಮುಚ್ಚಲು ಟಾರ್ ಬಳಸಿದ್ದ. ಟಾರ್‌ನಲ್ಲಿ ನಮ್ಮ ಸಂದೇಶ ಮೂರು ಯಂತ್ರಗಳ ಮೂಲಕ ಹಾದುಹೋಗುತ್ತದೆ. ಮೊದಲನೆಯದಕ್ಕೆ ನಾವು ಗೊತ್ತು, ಕೊನೆಯದಕ್ಕೆ ನಾವು ಹೋಗುವ ತಾಣ ಗೊತ್ತು, ಎರಡೂ ಗೊತ್ತಿರುವವರು ಯಾರೂ ಇಲ್ಲ. ಇಮೇಲ್‌ನಲ್ಲಿ ಅವನ ಐಪಿ ಸಿಗಲಿಲ್ಲ. ಆದರೆ ಆ ಹೊತ್ತಿಗೆ ಕ್ಯಾಂಪಸ್ಸಿನ ವೈಫೈಯಿಂದ ಟಾರ್‌ಗೆ ಹೋದವರು ಯಾರು ಎಂದು ವಿಶ್ವವಿದ್ಯಾಲಯದ ಲಾಗ್‌ನಲ್ಲಿ ಇತ್ತು. ಅವನ ಕದ ತಟ್ಟಿದರು, ಅವನು ಒಪ್ಪಿಕೊಂಡ. ಮುಖಕ್ಕೆ ಬಟ್ಟೆ ಕಟ್ಟಿಕೊಂಡವನು ಊರಿನಲ್ಲಿ ಒಬ್ಬನೇ ಇದ್ದರೆ ಅವನನ್ನು ಹುಡುಕುವುದು ಏನು ಕಷ್ಟ?

ಟಾರ್ ಹಿಂದಿನ ತಂತ್ರ ಹುಟ್ಟಿದ್ದು 1990ರ ದಶಕದಲ್ಲಿ, ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದಲ್ಲಿ. ತಮ್ಮ ಗುಪ್ತಚರರಿಗಾಗಿ ಬೇಕಾದ ಈ ಮರೆಯನ್ನು ಅವರು ಊರಿಗೆಲ್ಲ ಬಿಟ್ಟುಕೊಡಲು ಕಾರಣವಿತ್ತು. ನೌಕಾಪಡೆಯವರು ಮಾತ್ರ ಬಳಸಿದರೆ, ಅದರಿಂದ ಹೊರಬಂದ ಪ್ರತಿಯೊಂದು ಸಂದೇಶವೂ ನೌಕಾಪಡೆಯದ್ದೇ ಎಂದು ಗೊತ್ತಾಗಿಬಿಡುತ್ತದೆ. ಗೂಢಚಾರ ಮರೆಯಾಗಬೇಕಾದರೆ ಪತ್ರಕರ್ತರು, ವಿದ್ಯಾರ್ಥಿಗಳು, ಸುಮ್ಮನೆ ಕುತೂಹಲದವರು, ಎಲ್ಲರೂ ಅಲ್ಲಿ ಇರಬೇಕು. ತಪ್ಪು ಮಾಡದ ನಾನು ಮರೆಯಲ್ಲಿದ್ದರೆ, ಮರೆ ನಿಜಕ್ಕೂ ಬೇಕಾದವರಿಗೆ, ಉದಾಹರಣೆಗೆ ಗಂಡನ ಹೊಡೆತದಿಂದ ಓಡಿಹೋಗಲು ದಾರಿ ಹುಡುಕುತ್ತಿರುವ ಹೆಂಗಸಿಗೆ, ಒಂದಿಷ್ಟು ನೆರಳು ಸಿಗುತ್ತದೆ. ಮಗಳಿಗೆ ಕೊಡಬಹುದಾದ ಉತ್ತರಗಳಲ್ಲಿ ಇದೂ ಒಂದು.

ಅಷ್ಟಾದರೂ ಮರೆ ಪೂರ್ತಿಯಾಗುವುದಿಲ್ಲ. ಮಳೆ ಹೋದಾಗ ನಮ್ಮ ಊರ ಕಡೆ ವಿರಾಟಪರ್ವ ಓದಿಸುತ್ತಿದ್ದರು. ಅಜ್ಞಾತವಾಸದ ಕಥೆ ಅಲ್ಲಿಂದಲೇ ನನಗೆ ಗೊತ್ತು. ಪಾಂಡವರು ಆಯುಧಗಳನ್ನು ಬನ್ನಿ ಮರಕ್ಕೆ ಕಟ್ಟಿದರು, ಹೆಸರು ಬದಲಿಸಿಕೊಂಡರು, ವೇಷ ಬದಲಿಸಿಕೊಂಡರು. ಆದರೂ ಕೀಚಕ ಸತ್ತ ಸುದ್ದಿ ಕೇಳಿದ ಕೂಡಲೇ ಹಸ್ತಿನಾವತಿಯಲ್ಲಿ ದುರ್ಯೋಧನನಿಗೆ ಅನುಮಾನ ಬಂತು: ಕೀಚಕನನ್ನು ಹಾಗೆ ಕೊಲ್ಲಬಲ್ಲವನು ಭೀಮನಲ್ಲದೆ ಬೇರೆ ಯಾರು? ವಿಳಾಸ ಮುಚ್ಚಿದರೂ ನಡತೆ ಮುಚ್ಚಲಿಲ್ಲ. ನಮ್ಮ ಬ್ರೌಸರಿನದ್ದೂ ಅದೇ ಪಾಡು. ಪರದೆಯ ಅಳತೆ, ಅಕ್ಷರಶೈಲಿಗಳು, ಗಡಿಯಾರದ ವಲಯ, ಇಂಥ ಸಣ್ಣ ಸಣ್ಣ ಗುರುತುಗಳನ್ನು ಕೂಡಿಸಿದರೆ ಸಾಕು. 2010ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ನಡೆಸಿದ ಪರೀಕ್ಷೆಯಲ್ಲಿ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಬ್ರೌಸರುಗಳು ಒಂದರಂತೆ ಇನ್ನೊಂದಿರಲಿಲ್ಲ. ಇದೆಲ್ಲ ಹೋಗಲಿ, ಐಪಿ ಮುಚ್ಚಿಕೊಂಡು ನಮ್ಮದೇ ಹೆಸರಿನ ಇಮೇಲ್‌ಗೆ ಲಾಗಿನ್ ಆದರೆ, ಮುಸುಕು ಹಾಕಿಕೊಂಡು ಹೆಸರು ಕೂಗುತ್ತಾ ಹೋದಂತೆ.

ಅಂದರೆ ಮರೆಯಾಗುವುದು ಒಬ್ಬನೇ ಮಾಡುವ ಕೆಲಸವಲ್ಲ. ಎಲ್ಲೋ ಒಂದು ಕಡೆ ನೋಡಬಲ್ಲವನು ಒಬ್ಬ ಇದ್ದೇ ಇರುತ್ತಾನೆ. ಅವನು ನೋಡದಿದ್ದರೆ ನಾನು ಮರೆಯಲ್ಲಿದ್ದೇನೆ. ಸರ್ಕಾರಕ್ಕೂ ಇದು ಗೊತ್ತು. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ, ಜನರಿಗೆ ವಿಪಿಎನ್ ಸೇವೆ ಕೊಡುವವರು ಗಿರಾಕಿಯ ಹೆಸರು, ವಿಳಾಸ, ಕೊಟ್ಟ ಐಪಿ, ಬಳಸುವ ಉದ್ದೇಶ ಇವನ್ನೆಲ್ಲ ಐದು ವರ್ಷ ಕಾದಿಡಬೇಕು. ಆ ವರ್ಷವೇ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಮೊದಲಾದವು ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನು ತೆಗೆದವು. ಅಪರಾಧ ಹಿಡಿಯಬೇಕಾದವರಿಗೆ ದಾಖಲೆ ಬೇಕು ಎಂಬ ಮಾತಿನಲ್ಲಿ ಅರ್ಥವಿದೆ. ನನ್ನ ತಂಡದ ಆ ಹುಡುಗಿಗೆ ಹೊಲಸು ಬರೆದವನು ಸಿಗಬೇಕಾಗಿತ್ತು. ಆದರೆ ಒಬ್ಬನನ್ನು ಹಿಡಿಯಲು ಎಲ್ಲರ ಹೆಜ್ಜೆಯನ್ನೂ ಐದು ವರ್ಷ ಎತ್ತಿಡುವುದು ಬೇರೆ ಮಾತು. ಎತ್ತಿಟ್ಟದ್ದನ್ನು ಯಾರೋ ಒಂದು ದಿನ ತೆಗೆದು ನೋಡುತ್ತಾರೆ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ. ಯಾಕೆಂದರೆ ನಾನೇ ನೋಡಿದ್ದೇನೆ.

ಸುಮಾರು ಎಂಟು ವರ್ಷದ ಹಿಂದಿನ ಮಾತು, ನಾನು ಮೊದಲಿದ್ದ ಕಂಪನಿಯಲ್ಲಿ. ನನ್ನ ತಂಡದಲ್ಲಿ ಇಪ್ಪತ್ತೆರಡು ಜನ. ಕೆಲಸದ ವಾತಾವರಣದ ಬಗ್ಗೆ ಹೆಸರಿಲ್ಲದೆ ಅಭಿಪ್ರಾಯ ಕೇಳೋಣ ಎಂದು ನಾನೇ ಸೂಚಿಸಿದ್ದೆ. ಫಾರ್ಮನ್ನು ನಮ್ಮ ಒಳಗಿನ ಸರ್ವರಿನಲ್ಲೇ ಮಾಡಿದೆವು. ಮೇಲೆ ದಪ್ಪ ಅಕ್ಷರದಲ್ಲಿ ‘ನಿಮ್ಮ ಹೆಸರನ್ನು ದಾಖಲಿಸುವುದಿಲ್ಲ’ ಎಂದು ಬರೆಸಿದ್ದು ನಾನು. ಅದು ಸುಳ್ಳಾಗಿರಲಿಲ್ಲ. ಹೆಸರು ದಾಖಲಾಗುತ್ತಿರಲಿಲ್ಲ. ಆದರೆ ವೆಬ್ ಸರ್ವರು ಯಾರೂ ಹೇಳದಿದ್ದರೂ ತನ್ನ ಲಾಗ್‌ನಲ್ಲಿ ಪ್ರತಿ ಸಾಲಿನ ಮೊದಲಿಗೆ ಬಂದವರ ಐಪಿಯನ್ನೂ ಮುಂದೆ ಹೊತ್ತನ್ನೂ ಬರೆಯುತ್ತಾ ಹೋಗುತ್ತದೆ. ಯಾವ ಐಪಿ ಯಾರ ಮೇಜಿನ ಯಂತ್ರದ್ದು ಎಂಬ ಪಟ್ಟಿ, ಆಡಿಟ್‌ಗೆಂದು ಮಾಡಿದ ಎಕ್ಸೆಲ್ ಶೀಟು, ನನ್ನ ಬಳಿಯೇ ಇತ್ತು.

ಉತ್ತರಗಳಲ್ಲಿ ಒಂದು ಹೀಗಿತ್ತು: ರಿಲೀಸ್ ರಾತ್ರಿಗಳಲ್ಲಿ ನಮ್ಮ ಮ್ಯಾನೇಜರ್ ಎಲ್ಲರೆದುರು ದನಿ ಏರಿಸುತ್ತಾರೆ, ಮರುದಿನ ಏನೂ ಆಗದವರಂತೆ ಚಹಾ ಕುಡಿಸುತ್ತಾರೆ, ನಮಗೆ ಚಹಾ ಬೇಡ.

ಅವತ್ತು ರಾತ್ರಿ ಹನ್ನೊಂದಕ್ಕೆ ನಾನು ಲಾಗ್ ತೆಗೆದೆ. ನಾಲ್ಕು ನಿಮಿಷ ಸಾಕಾಯಿತು. ಹೊತ್ತು ಕೂಡಿತು, ಐಪಿ ಕೂಡಿತು, ಮೇಜು ಸಿಕ್ಕಿತು. ಅದು ನಮ್ಮ ಕಡೆಯ ಹುಡುಗ. ಪುಣೆಗೆ ಬಂದ ಹೊಸದರಲ್ಲಿ ರೂಮು ಸಿಗುವವರೆಗೆ ನಮ್ಮ ಮನೆಯಲ್ಲೇ ಉಳಿದಿದ್ದ. ಅವ್ವನ ಕೈಯ ರೊಟ್ಟಿ, ಎಣ್ಣೆಗಾಯಿ ತಿಂದು, “ಅಜ್ಜೀ, ಇನ್ನೊಂದು ಹಾಕ್ರಿ” ಎನ್ನುತ್ತಿದ್ದ. ಊಟದ ಹೊತ್ತಿನಲ್ಲಿ ನನ್ನೊಡನೆ ಕನ್ನಡದಲ್ಲಿ ಮಾತಾಡಲು ತಂಡದಲ್ಲಿ ಇದ್ದವನು ಅವನೊಬ್ಬನೇ.

ನಾನು ಅವನಿಗೆ ಏನೂ ಮಾಡಲಿಲ್ಲ. ಈ ವಾಕ್ಯವನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಅಪ್ರೈಸಲ್‌ನಲ್ಲಿ ಸಿಗಬೇಕಾದದ್ದನ್ನೇ ಕೊಟ್ಟೆ. ಆದರೆ ಊಟಕ್ಕೆ ಕರೆಯುವುದು ಕಡಿಮೆಯಾಯಿತು. ಕ್ಲೈಂಟ್ ಎದುರಿನ ಪ್ರೆಸೆಂಟೇಶನ್ ಅವನಿಗೆ ಕೊಡಬೇಕೆಂದಿದ್ದವನು ಇನ್ನೊಬ್ಬಳಿಗೆ ಕೊಟ್ಟೆ. ಅವಳೂ ಅರ್ಹಳೇ ಆಗಿದ್ದಳು, ಹಾಗಾಗಿ ಯಾರಿಗೂ ಏನೂ ಅನಿಸಲಿಲ್ಲ. ದನಿ ಏರಿಸುವುದನ್ನು ಬಿಟ್ಟೆ, ಅದು ನಿಜ. ಅವನು ಬರೆದದ್ದು ಸರಿಯಾಗಿತ್ತು. ಆದರೆ ತಿದ್ದಿಕೊಳ್ಳಲು ನನಗೆ ಮಾತು ಸಾಕಾಗಿತ್ತು, ಹೆಸರು ಬೇಕಾಗಿರಲಿಲ್ಲ. ಒಂಬತ್ತು ತಿಂಗಳಿಗೆ ಅವನು ಬೇರೆ ಕಂಪನಿಗೆ ಹೋದ. ಹೋಗುವ ದಿನ ಕೈ ಹಿಡಿದು, “ಸರ್, ನಿಮ್ಮಿಂದ ಭಾಳ ಕಲ್ತೆ” ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ.

ಪ್ಲೇಟೋನ ಕಥೆಯನ್ನು ನಾನು ಇಷ್ಟು ದಿನ ತಿರುಗುಮುರುಗಾಗಿ ಓದಿದ್ದೆ ಎಂದು ಈಗ ಅನಿಸುತ್ತದೆ. ನಮ್ಮ ಕಾಲದಲ್ಲಿ ಉಂಗುರ ಇರುವುದು ಐಪಿ ಮುಚ್ಚಿಕೊಂಡವನ ಬೆರಳಿನಲ್ಲಲ್ಲ. ಅವನು ಎಷ್ಟು ಮುಚ್ಚಿಕೊಂಡರೂ ಎಲ್ಲಾದರೂ ಒಂದು ಸಾಲು ಉಳಿಯುತ್ತದೆ. ಉಂಗುರ ಇರುವುದು ಲಾಗ್ ತೆಗೆದು ನೋಡುವವನ ಬೆರಳಿನಲ್ಲಿ. ಅವತ್ತು ರಾತ್ರಿ ನಾನು ನೋಡುತ್ತಿರುವುದನ್ನು ಯಾರೂ ನೋಡುತ್ತಿರಲಿಲ್ಲ. ಯಾವ ನಿಯಮವನ್ನೂ ಮುರಿಯಲಿಲ್ಲ. ಲಾಗ್ ನೋಡುವ ಅನುಮತಿ ನನ್ನ ಹುದ್ದೆಗೆ ಇತ್ತು. ಯಾರೂ ನೋಡದಿದ್ದರೆ ಒಳ್ಳೆಯವನು ಏನು ಮಾಡಿಯಾನು ಎಂದು ಗ್ಲಾಕನ್ ಕೇಳಿದ್ದ. ನನ್ನ ಮಟ್ಟಿಗೆ ಉತ್ತರ ನಾಲ್ಕು ನಿಮಿಷದಲ್ಲಿ ಸಿಕ್ಕಿತ್ತು.

ಇದನ್ನು ಯೋಚಿಸುವಾಗೆಲ್ಲ ನನಗೆ ನೆನಪಾಗುವುದು ಅಪ್ಪನ ಬ್ಯಾಟರಿ. ಮೂರು ಸೆಲ್ಲಿನ ಉದ್ದನೆಯ ಟಾರ್ಚು. ನಮ್ಮ ಊರಿನಲ್ಲಿ ಆಗ ಯಾರ ಮನೆಯಲ್ಲೂ ಪಾಯಖಾನೆ ಇರಲಿಲ್ಲ. ಹೆಂಗಸರು ಕತ್ತಲಾದ ಮೇಲೆ ಚರಿಗೆ ಹಿಡಿದು ಹಳ್ಳದ ತಿರುವಿನ ಕಡೆ ಹೋಗುತ್ತಿದ್ದರು. ಹೊಲದಿಂದ ಅಪ್ಪನ ಜೊತೆ ಬರುವಾಗ ಆ ತಿರುವು ಬಂತೆಂದರೆ ಅಪ್ಪ ಒಮ್ಮೆ ಕೆಮ್ಮಿ, ಬ್ಯಾಟರಿ ಆರಿಸಿಬಿಡುತ್ತಿದ್ದ. ಕಲ್ಲುಮುಳ್ಳಿನ ದಾರಿಯಲ್ಲಿ ಕತ್ತಲಲ್ಲೇ ನಡೆಯುತ್ತಿದ್ದೆವು. “ಯಾಕಪ್ಪಾ ಆರಿಸಿದಿ?” ಎಂದು ಕೇಳಿದರೆ, “ಸೆಲ್ಲು ಉಳೀಲಿ ಅಂತ” ಎನ್ನುತ್ತಿದ್ದ. ಅವನು ಯಾವ ಸೆಲ್ಲು ಉಳಿಸುತ್ತಿದ್ದ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಅಪ್ಪನ ಸಭ್ಯತೆಯನ್ನು ಹೊಗಳಿ ನಿಲ್ಲಿಸಿಬಿಡಬಹುದಿತ್ತು. ಆದರೆ ಆ ತಿರುವಿನಲ್ಲಿ ಪ್ರತಿ ಬ್ಯಾಟರಿಯೂ ಆರುತ್ತಿರಲಿಲ್ಲ. ಅದು ಅವ್ವನಿಗೆ ಗೊತ್ತು, ಊರಿನ ಎಲ್ಲ ಹೆಂಗಸರಿಗೂ ಗೊತ್ತು. ಅವರಿಗೆ ಬೇಕಾಗಿದ್ದು ನಾಲ್ಕು ಗೋಡೆ, ಒಂದು ಕದ. ಹಾದುಹೋಗುವವರ ಒಳ್ಳೆಯತನವನ್ನು ನಂಬಿ ಬದುಕುವುದು ಮರ್ಯಾದೆಯ ಬದುಕಲ್ಲ. ಅದಕ್ಕೇ ವಿಪಿಎನ್, ಟಾರ್, ಖಾಸಗಿತನದ ಕಾನೂನು ಎಲ್ಲ ಬೇಕು. ಇವು ಗೋಡೆಗಳು. ಆದರೆ ಪ್ರತಿ ಗೋಡೆಗೂ ಅದನ್ನು ಕಟ್ಟಿದವನೊಬ್ಬ ಇರುತ್ತಾನೆ, ಕೀಲಿ ಇಟ್ಟುಕೊಂಡವನೊಬ್ಬ ಇರುತ್ತಾನೆ. ಈ ಪತ್ರಿಕೆ ಓದುವ ನಮ್ಮಲ್ಲಿ ಬಹಳ ಮಂದಿ ಹಾಗೆ ಕೀಲಿ ಇಟ್ಟುಕೊಂಡವರು. ಯಾರೋ ಡೇಟಾಬೇಸ್ ನೋಡಿಕೊಳ್ಳುತ್ತಾರೆ, ಯಾರೋ ಬ್ಯಾಂಕಿನ ಸರ್ವರು, ಯಾರೋ ಆಸ್ಪತ್ರೆಯ ದಾಖಲೆ, ಯಾರೋ ನನ್ನಂತೆ ತಂಡ. ನಮ್ಮ ಐಪಿಯನ್ನು ಜಗತ್ತಿನಿಂದ ಮುಚ್ಚಿಟ್ಟುಕೊಳ್ಳುವ ನಾವು, ಹಗಲು ಹೊತ್ತಿನಲ್ಲಿ ಬೇರೆಯವರ ಐಪಿಗಳ ಮೇಲೆ ಕೂತಿರುತ್ತೇವೆ.

ಈಗಿನ ಕಂಪನಿಯಲ್ಲಿ ಇಂಥ ಫಾರ್ಮು ಕಳಿಸುವ ಮೊದಲು ಆ ಪುಟಕ್ಕೆ ಲಾಗ್ ಬರೆಯುವುದನ್ನು ನಿಲ್ಲಿಸುತ್ತೇನೆ. ಉತ್ತರಗಳಿಗೆ ಹೊತ್ತು ದಾಖಲಾಗದಂತೆ ಮಾಡುತ್ತೇನೆ. ಎಲ್ಲರ ಉತ್ತರ ಬರುವ ತನಕ ಒಂದನ್ನೂ ತೆರೆಯುವುದಿಲ್ಲ. ಏನು ದಾಖಲಾಗುತ್ತದೆ, ಏನು ಆಗುವುದಿಲ್ಲ ಎಂದು ತಂಡಕ್ಕೆ ಬಿಡಿಸಿ ಹೇಳುತ್ತೇನೆ. ಕಳೆದ ಸಲ ಎರಡು ಫಾರ್ಮು ಖಾಲಿ ಬಂದವು. ಯಾರವು ಎಂದು ನನಗೆ ಗೊತ್ತಾಗುವ ದಾರಿಯಿಲ್ಲ. ಅವರು ನನ್ನನ್ನು ನಂಬಲಿಲ್ಲ. ನಂಬದಿರಲು ಅವರಿಗೆ ಹಕ್ಕಿದೆ.

ಮಗಳಿಗೆ ಇದನ್ನೆಲ್ಲ ಹೇಳಿದೆ, ಆ ಹುಡುಗನ ವಿಷಯವನ್ನೂ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಅವನಿಗೆ ಹೇಳೀರೇನು?” ಎಂದು ಕೇಳಿದಳು. ಇಲ್ಲ ಎಂದೆ. ಅವ್ವ ಈ ಸಲ ಗಾದೆ ಹೇಳಲಿಲ್ಲ. “ಅಂವಾ ಎಣ್ಣೆಗಾಯಿ ಭಾಳ ಉಣ್ತಿದ್ದ” ಎಂದಷ್ಟೇ ಅಂದಳು.

ಅವನ ಈಗಿನ ನಂಬರು ಹುಡುಕುವುದು ನನಗೆ ಎರಡು ನಿಮಿಷದ ಕೆಲಸ. ಹುಡುಕಿಲ್ಲ. ಮತ್ತೊಮ್ಮೆ ಅವನಿಗೆ ಗೊತ್ತಿಲ್ಲದಂತೆ ಅವನನ್ನು ಹುಡುಕುವುದು ಸರಿಯೆನಿಸಲಿಲ್ಲ. ಈ ಪತ್ರಿಕೆಯ ಓದುಗರಲ್ಲಿ ಅವನೂ ಇರಬಹುದು. ಇದ್ದರೆ ಚಹಾದ ಮಾತು ಓದಿದಾಗಲೇ ಅವನಿಗೆ ತಿಳಿದಿರುತ್ತದೆ. ತಪ್ಪು ನನ್ನದು, ತಮ್ಮಾ. ಏನಾದರೂ ಹೇಳಬೇಕೆನಿಸಿದರೆ ಬರಿ. ಹೆಸರು ಹಾಕುವುದು, ಬಿಡುವುದು ನಿನಗೆ ಬಿಟ್ಟದ್ದು.